ಜೀವಂತ ಮರವೂ ಮೊಳೆಗಾಲೂ



ನಮ್ಮ ಶಾಲೆಯ ಬಡಗು ಬದಿಯಲ್ಲಿ, ಬಾವಿಕಟ್ಟೆಯ ಪಕ್ಕದಲ್ಲಿ ನಿಂತಿರುವ ಹಲಸಿನ ಮರವನ್ನು ನೀವೆಲ್ಲರೂ ಬಲ್ಲಿರಿ. ಕಳೆದ ಬೇಸಿಗೆ ರಜೆಯಲ್ಲಿ ಅದರ ಒಂದು ದೊಡ್ಡ ಕೊಂಬೆ ಎಂಟನೆಯ ತರಗತಿಯ ಹಂಚಿನ ಮಾಡಿನ ಮೇಲೆ ವಾಲಿತ್ತು. ಮಳೆಗಾಲ ಹಿಡಿಯುವ ಮೊದಲು ಅದನ್ನು ಸವರಿಸಬೇಕೆಂದು ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ತೀರ್ಮಾನವಾಯಿತು. ಗೊತ್ತುಮಾಡಿದ ದಿನ ಇಬ್ಬರು ಕೆಲಸದವರು ಬಂದರು. ಅವರಲ್ಲಿ ಒಬ್ಬರು ಎರಡೂ ಕಾಲುಗಳಿಗೆ ಉಕ್ಕಿನ ಮೊಳೆಗಳಿದ್ದ ಪಟ್ಟಿಗಳನ್ನು ಕಟ್ಟಿಕೊಂಡು, ಮೊಳೆಯನ್ನು ಮರಕ್ಕೆ ನಾಟುತ್ತ, ಮೆಟ್ಟಿಲು ಹತ್ತುವಷ್ಟೇ ಸಲೀಸಾಗಿ ಏರಿದರು. ಹನ್ನೆರಡು ಅಡಿ ಏರುವಷ್ಟರಲ್ಲಿ ಮರದಿಂದ ಬಿಳಿಯ ಮೇಣ ಇಳಿಯುವುದನ್ನು ಕಂಡು ನಾವು ಅವರನ್ನು ಕೆಳಗಿಳಿಸಿದೆವು. ತಪ್ಪು ಅವರದಲ್ಲ. ಕಂಬ ಏರುವ ಕೆಲಸದಲ್ಲಿ ಅವರು ಅದನ್ನೇ ಕಲಿತಿದ್ದರು. ಹೇಗೆ ಏರುತ್ತೀರಿ ಎಂದು ಮೊದಲೇ ಕೇಳದೆ ಹೋದ ತಪ್ಪು ನಮ್ಮದು.

ಜೂನ್ ತಿಂಗಳಲ್ಲಿ ಶಾಲೆ ಆರಂಭವಾದಾಗ ಮಕ್ಕಳು ಮರದ ಸುತ್ತ ನೆರೆದು ತೂತುಗಳನ್ನು ಎಣಿಸಿದರು. ಒಟ್ಟು ಇಪ್ಪತ್ತೆರಡು. ಒಂದೊಂದರ ಕೆಳಗೂ ಒಣಗಿದ ಮೇಣದ ಗೆರೆ. ಇದರಿಂದ ಮರಕ್ಕೆ ಕೇಡು ಎಂದು ನಾವು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಮರಕ್ಕೆ ತೂತಾದರೆ ಏನಾಯಿತು ಮಾಸ್ಟ್ರೇ? ಏರಿದವರು ಬೀಳದಿದ್ದರೆ ಸಾಕಲ್ಲವೇ?”

ಆ ಹುಡುಗನ ತಂದೆ ಅಡಿಕೆ ತೆಗೆಯುವ ಕೆಲಸದವರು. ಎರಡು ವರ್ಷಗಳ ಹಿಂದೆ ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿ, ಇಂದಿಗೂ ಕುಂಟುತ್ತ ನಡೆಯುತ್ತಾರೆ. ಅವನ ಪ್ರಶ್ನೆಗೆ ಆ ದಿನ ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ. ಮರದ ಪರವಾಗಿ ಮಾತನಾಡುವವರು ಮರ ಏರುವವನ ಜೀವವನ್ನು ಮರೆತರೆ ಆ ಮಾತಿಗೆ ಬೆಲೆಯಿಲ್ಲ. ಆದುದರಿಂದ ಈ ವಿಷಯವನ್ನು ಓದಿ, ಬಲ್ಲವರನ್ನು ಕೇಳಿ, ತಿಳಿದುಕೊಂಡುದನ್ನು ಈ ಪಾಠದ ರೂಪದಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ. ಸವರುವ ಕೆಲಸಕ್ಕಾಗಿ ಜೀವಂತ ಮರವನ್ನು ಏರುವಾಗ ಮೊಳೆಗಾಲನ್ನು ಬಳಸಬಹುದೇ ಎಂಬುದು ನಮ್ಮ ಪ್ರಶ್ನೆ.

ಮೊಳೆಗಾಲು ಎಂದರೇನು?

ಇಂಗ್ಲಿಷಿನಲ್ಲಿ ಇದಕ್ಕೆ ಕ್ಲೈಂಬಿಂಗ್ ಸ್ಪೈಕ್ ಎಂದೂ ಸ್ಪರ್ ಎಂದೂ ಹೆಸರು. ನಾವು ಇಲ್ಲಿ ಅದನ್ನು ಮೊಳೆಗಾಲು ಎಂದು ಕರೆಯೋಣ. ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಒಂದು ಲೋಹದ ಪಟ್ಟಿ. ಅದನ್ನು ಕಾಲಿಗೆ ಬಿಗಿಯಲು ಚರ್ಮದ ಅಥವಾ ನೈಲಾನಿನ ಬಾರುಗಳು. ಪಾದದ ಒಳಬದಿಯಲ್ಲಿ ಕೆಳಮುಖವಾಗಿ ಚಾಚಿದ ಚೂಪಾದ ಒಂದು ಉಕ್ಕಿನ ಮೊಳೆ. ಇಷ್ಟೇ ಇದರ ರಚನೆ.

ಇದರಲ್ಲಿ ಎರಡು ಬಗೆಗಳುಂಟು. ಮರದ ಕಂಬಗಳನ್ನು ಏರುವುದಕ್ಕೆ ಗಿಡ್ಡ ಮೊಳೆ. ಮರಗಳನ್ನು ಏರುವುದಕ್ಕೆ ಉದ್ದ ಮೊಳೆ. ಮರಕ್ಕೆ ಉದ್ದ ಮೊಳೆ ಏಕೆ? ಕಂಬಕ್ಕೆ ತೊಗಟೆಯಿಲ್ಲ, ಮರಕ್ಕೆ ಇದೆ. ತೊಗಟೆಯನ್ನು ಮಾತ್ರ ಹಿಡಿದರೆ ಅದು ಕಿತ್ತುಬಂದು ಏರಿದವನು ಜಾರುತ್ತಾನೆ. ಆದುದರಿಂದ ಮೊಳೆಯು ತೊಗಟೆಯನ್ನು ದಾಟಿ ಒಳಗಿನ ಗಟ್ಟಿ ಮರಕ್ಕೆ ನಾಟಬೇಕು. ಅಂದರೆ ಮರಕ್ಕೆ ಗಾಯವಾಗುವುದು ಈ ಸಾಧನದ ಅಜಾಗರೂಕ ಬಳಕೆಯಿಂದಲ್ಲ, ಸರಿಯಾದ ಬಳಕೆಯಿಂದಲೇ. ಈ ಅಂಶವನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳೋಣ.

ತೊಗಟೆಯ ಒಳಗೆ ಏನಿದೆ?

ಮಾವು, ಹಲಸು, ಹುಣಸೆ, ತೇಗ ಮುಂತಾದ ದ್ವಿದಳ ಮರಗಳ ಕಾಂಡದಲ್ಲಿ ಹೊರಗಿನಿಂದ ಒಳಕ್ಕೆ ಹೋದಂತೆ ಕ್ರಮವಾಗಿ ನಾಲ್ಕು ಪದರಗಳನ್ನು ಕಾಣುತ್ತೇವೆ. ಮೊದಲನೆಯದು ಒಣ ಹೊರತೊಗಟೆ; ಇದು ಮರದ ಅಂಗಿ. ಎರಡನೆಯದು ಒಳತೊಗಟೆ; ಎಲೆಗಳಲ್ಲಿ ತಯಾರಾದ ಆಹಾರ ಇದರ ಮೂಲಕ ಬೇರಿನವರೆಗೆ ಇಳಿಯುತ್ತದೆ. ಮೂರನೆಯದು ಕ್ಯಾಂಬಿಯಂ ಎಂಬ ಅತಿ ತೆಳುವಾದ ಪದರ. ಹೊರಕ್ಕೆ ತೊಗಟೆಯನ್ನೂ ಒಳಕ್ಕೆ ಮರವನ್ನೂ ಹುಟ್ಟಿಸುವುದು ಇದೇ. ಮರ ವರ್ಷದಿಂದ ವರ್ಷಕ್ಕೆ ದಪ್ಪವಾಗುವುದು ಇದರ ಕೆಲಸದಿಂದ. ನಾಲ್ಕನೆಯದು ನೀರನ್ನು ಮೇಲಕ್ಕೆ ಒಯ್ಯುವ ಹಸಿಮರ, ಅದರ ಒಳಗೆ ಕೆಚ್ಚು.

ಕ್ಯಾಂಬಿಯಂನ ಬೆಲೆಯನ್ನು ನಮ್ಮ ಊರಿನ ರಬ್ಬರ್ ಕೆಲಸಗಾರರಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ. ನಸುಕಿನಲ್ಲಿ ಎದ್ದು ಟ್ಯಾಪಿಂಗ್ ಮಾಡುವವರನ್ನು ಗಮನಿಸಿ. ತೊಗಟೆಯನ್ನು ಓರೆಯಾಗಿ ಕೆತ್ತುತ್ತಾರೆ, ಹಾಲು ಬರುವಷ್ಟು ಆಳಕ್ಕೆ ಹೋಗುತ್ತಾರೆ, ಆದರೆ ಕ್ಯಾಂಬಿಯಂಗೆ ಸುಮಾರು ಒಂದು ಮಿಲಿಮೀಟರ್ ಇರುವಾಗಲೇ ನಿಲ್ಲುತ್ತಾರೆ. ಅದನ್ನು ಮುಟ್ಟದಿದ್ದರೆ ತೊಗಟೆ ನಯವಾಗಿ ಮತ್ತೆ ಬೆಳೆಯುತ್ತದೆ. ಕೆಲವು ವರ್ಷಗಳ ಬಳಿಕ ಅದೇ ಜಾಗದಲ್ಲಿ ಮತ್ತೆ ಟ್ಯಾಪ್ ಮಾಡಬಹುದು. ಮುಟ್ಟಿದರೆ ಗಂಟುಗಂಟಾಗಿ ಉಬ್ಬಿ ಆ ಭಾಗ ಕೆಲಸಕ್ಕೆ ಬಾರದಂತಾಗುತ್ತದೆ. ರಬ್ಬರ್ ಕತ್ತಿ ಹಿಡಿದ ಕೈ ಇಷ್ಟೊಂದು ಎಚ್ಚರದಿಂದ ಉಳಿಸುವ ಪದರವನ್ನೇ ಮೊಳೆಗಾಲು ಹೆಜ್ಜೆಹೆಜ್ಜೆಗೂ ತೂರಿಕೊಂಡು ಹೋಗುತ್ತದೆ.

ಮಾಯುವುದು ಮತ್ತು ಮುಚ್ಚಿಕೊಳ್ಳುವುದು

ನಾವು ಕನ್ನಡದ ಅಧ್ಯಾಪಕರಾದುದರಿಂದ ಇಲ್ಲಿ ಒಂದು ಮಾತಿನ ಬಳಿ ಸ್ವಲ್ಪ ನಿಲ್ಲುತ್ತೇವೆ. ಮೊಣಕೈ ತರಚಿದರೆ ನಾಲ್ಕು ದಿನಗಳಲ್ಲಿ “ಗಾಯ ಮಾಯಿತು” ಎನ್ನುತ್ತೇವೆ. ಮಾಯುವುದೆಂದರೆ ಗುಣವಾಗುವುದು, ಇಲ್ಲವಾಗುವುದು. ನಮ್ಮ ಶರೀರವು ಕೆಟ್ಟುಹೋದ ಜೀವಕೋಶಗಳನ್ನು ತೆಗೆದು ಅದೇ ಜಾಗದಲ್ಲಿ ಹೊಸತನ್ನು ಕಟ್ಟುತ್ತದೆ. ಮರಕ್ಕೆ ಈ ಶಕ್ತಿಯಿಲ್ಲ. ಗಾಯವಾದ ಮರದ ಭಾಗ ಎಂದೆಂದಿಗೂ ಗಾಯವಾದ ಭಾಗವೇ. ಮರ ಅದರ ಸುತ್ತ ಗೋಡೆ ಕಟ್ಟುತ್ತದೆ, ಮೇಲೆ ಹೊಸ ಪದರವನ್ನು ಬೆಳೆಸಿ ಹೊದಿಸುತ್ತದೆ. ಆದುದರಿಂದ ಮರದ ಗಾಯ ಮಾಯುವುದಿಲ್ಲ, ಮುಚ್ಚಿಕೊಳ್ಳುತ್ತದೆ.

ಈ ವಿಷಯವನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರು ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ. ಅವರ ಹಿಂದಿನವರು ಮರದ ಕಾಂಡವನ್ನು ಅಡ್ಡಕ್ಕೆ ಕೊಯ್ದು ನೋಡುತ್ತಿದ್ದರು. ಶೈಗೊ ಅವರು ಯಂತ್ರಗರಗಸದಿಂದ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ, ಗಾಯದಿಂದ ಕೊಳೆತ ಹೇಗೆ ಹರಡುತ್ತದೆಂದು ಪರೀಕ್ಷಿಸಿದರು. 1977ರಲ್ಲಿ ಅವರು ತಮ್ಮ ವಿವರಣೆಯನ್ನು ಪ್ರಕಟಿಸಿದರು. ಗಾಯವಾದಾಗ ಮರವು ನಾಲ್ಕು ಗೋಡೆಗಳನ್ನು ಒಡ್ಡುತ್ತದೆ: ಮೇಲಕ್ಕೂ ಕೆಳಕ್ಕೂ ಹರಡದಂತೆ ಒಂದು; ಒಳಕ್ಕೆ ಹೋಗದಂತೆ ಒಂದು; ಅಕ್ಕಪಕ್ಕಕ್ಕೆ ಹೋಗದಂತೆ ಒಂದು; ಗಾಯದ ಬಳಿಕ ಬೆಳೆಯುವ ಹೊಸ ಮರಕ್ಕೆ ತಾಗದಂತೆ ಇನ್ನೊಂದು. ಈ ಕೊನೆಯದು ಎಲ್ಲಕ್ಕಿಂತ ಬಲವಾದ ಗೋಡೆ. ಎಲ್ಲಕ್ಕಿಂತ ದುರ್ಬಲವಾದುದು ಮೊದಲನೆಯದು, ಅಂದರೆ ಮೇಲಕ್ಕೂ ಕೆಳಕ್ಕೂ ತಡೆಯುವ ಗೋಡೆ. ನೀರು ಹರಿಯುವ ನಾಳಗಳು ಉದ್ದಕ್ಕೆ ಇರುವುದರಿಂದ ಕೊಳೆತವೂ ಉದ್ದಕ್ಕೆ ಸುಲಭವಾಗಿ ಸಾಗುತ್ತದೆ.

ಈಗ ಮೊಳೆಗಾಲಿನ ತೂತುಗಳನ್ನು ನೆನೆಯಿರಿ. ಅವು ಒಂದರ ಮೇಲೊಂದರಂತೆ ಉದ್ದಕ್ಕೆ ಸಾಲಾಗಿ ಇರುತ್ತವೆ. ಮರದ ರಕ್ಷಣೆ ಯಾವ ದಿಕ್ಕಿನಲ್ಲಿ ಅತಿ ದುರ್ಬಲವೋ ಅದೇ ದಿಕ್ಕಿನಲ್ಲಿ ನಾವು ಗಾಯಗಳನ್ನು ಪೋಣಿಸುತ್ತೇವೆ. ಮೇಲಿನ ಗಾಯದಿಂದ ಇಳಿಯುವ ಕೊಳೆತ ಕೆಳಗಿನ ಗಾಯದಿಂದ ಏರುವ ಕೊಳೆತವನ್ನು ಕೂಡಿಕೊಳ್ಳುತ್ತದೆ. ಹೊರಗೆ ತೊಗಟೆ ಮುಚ್ಚಿ ಚೆನ್ನಾಗಿಯೇ ಕಾಣಬಹುದು. ಒಳಗೆ ಒಂದು ಕೊಳೆತ ಪಟ್ಟಿ ಉಳಿಯಬಹುದು.

ಒಂದು ಸಣ್ಣ ಲೆಕ್ಕ

ಮೂವತ್ತು ಅಡಿ ಎತ್ತರದ ಕೊಂಬೆಗೆ ಒಬ್ಬರು ಮೊಳೆಗಾಲಿನಲ್ಲಿ ಏರುತ್ತಾರೆ ಎನ್ನೋಣ. ಅಡಿಗೊಂದು ಹೆಜ್ಜೆಯಂತೆ ಏರುವಾಗ 30 ತೂತು, ಇಳಿಯುವಾಗ 30 ತೂತು. ಒಂದು ಸಲಕ್ಕೆ 60. ಎರಡು ವರ್ಷಕ್ಕೊಮ್ಮೆಯಂತೆ ಇಪ್ಪತ್ತು ವರ್ಷಗಳಲ್ಲಿ ಹತ್ತು ಸಲ ಏರಿದರೆ 600. ಕೊಂಬೆ ಕಡಿದ ಗಾಯಗಳು ಇದರಲ್ಲಿ ಸೇರಿಲ್ಲ. ಸವರುವುದು ಮರದ ಒಳಿತಿಗಾಗಿ ಎಂದು ಹೇಳುತ್ತೇವೆ. ಹತ್ತು ಒಳ್ಳೆಯ ಕಡಿತಗಳಿಗಾಗಿ ಅರವತ್ತು ಬೇಡದ ಗಾಯಗಳನ್ನು ಮಾಡಿದರೆ ಅದು ಯಾವ ಬಗೆಯ ಒಳಿತು?

ಹಲಸಿನ ವಿಷಯದಲ್ಲಿ ಇನ್ನೊಂದು ನಷ್ಟವೂ ಇದೆ. ಹಲಸು ಕೊಂಬೆಯ ತುದಿಯಲ್ಲಿ ಕಾಯಿ ಬಿಡುವ ಮರವಲ್ಲ. ಕಾಂಡದಲ್ಲಿಯೂ ದಪ್ಪ ಕೊಂಬೆಗಳಲ್ಲಿಯೂ ಬಿಡುತ್ತದೆ. ಮೊಳೆ ನಾಟುವ ಜಾಗವೇ ಮುಂದಿನ ವರ್ಷ ಕಾಯಿ ಬಿಡಬೇಕಾದ ಜಾಗ. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ನಾವು ಹಲಸು ಎನ್ನುತ್ತೇವೆ, ನೆರೆಮನೆಯವರು ಚಕ್ಕ ಎನ್ನುತ್ತಾರೆ. ಆ ಚಕ್ಕವೇ ಪೋರ್ಚುಗೀಸರ ಬಾಯಲ್ಲಿ ಜಾಕವಾಗಿ ಇಂಗ್ಲಿಷಿನ ಜಾಕ್ ಆಯಿತು. ಹೆಸರಿಗೆ ಸಂದ ಗೌರವ ಮರಕ್ಕೂ ಸಲ್ಲಬೇಕು.

ಒಂದು ಮರದ ರೋಗ ಇನ್ನೊಂದಕ್ಕೆ

ಗಾಯ ಶುಚಿಯಾಗಿದ್ದರೆ ಒಂದು ಮಾತು. ಆದರೆ ಮೊಳೆಯನ್ನು ಒಂದು ಮರದಿಂದ ಕಿತ್ತು ಇನ್ನೊಂದಕ್ಕೆ ನಾಟುವಾಗ ಅದರ ತುದಿಯಲ್ಲಿರುವ ಶಿಲೀಂಧ್ರವೂ ಜೊತೆಗೆ ಹೋಗುತ್ತದೆ. ಕತ್ತಿ, ಗರಗಸಗಳಿಂದಲೂ ಹೀಗೆಯೇ ಆಗುತ್ತದೆ. ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿ ಕನಾಲ್ ದು ಮಿದಿ ಎಂಬ ಪ್ರಸಿದ್ಧ ಕಾಲುವೆಯಿದೆ. ಅದರ ಎರಡೂ ದಂಡೆಗಳಲ್ಲಿ ಸುಮಾರು 42,000 ಪ್ಲೇನ್ ಮರಗಳು ನೆರಳು ಕೊಡುತ್ತಿದ್ದವು. ಅಲ್ಲಿ 2006ರಲ್ಲಿ ಒಂದು ಶಿಲೀಂಧ್ರ ರೋಗ ಕಂಡುಬಂತು. ಗಾಯದ ಮೂಲಕ ಒಳಹೊಕ್ಕು ಕೆಲವೇ ವರ್ಷಗಳಲ್ಲಿ ಮರವನ್ನು ಕೊಲ್ಲುವ ರೋಗ ಅದು. ಸವರುವ ಸಲಕರಣೆ, ದೋಣಿಗಳ ತಿಕ್ಕಾಟ, ಒಂದಕ್ಕೊಂದು ಕೂಡಿದ ಬೇರುಗಳು ಇವೆಲ್ಲ ಅದಕ್ಕೆ ದಾರಿಯಾದವು. ಮುಂದಿನ ವರ್ಷಗಳಲ್ಲಿ ಸಾವಿರಾರು ಮರಗಳನ್ನು ಕಡಿದು ಸುಡಬೇಕಾಯಿತು.

ನಮ್ಮದು ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡು. ಶಿಲೀಂಧ್ರಗಳಿಗೆ ಇದಕ್ಕಿಂತ ಹಿತವಾದ ತಾವು ಬೇರೆ ಯಾವುದು? ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುತ್ತ ಮಳೆಗಾಲವಿಡೀ ಹೋರಾಡುವ ನಮ್ಮ ಕೃಷಿಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ತೆಂಗು ಮತ್ತು ಅಡಿಕೆ

ಇಲ್ಲಿಯವರೆಗೆ ಹೇಳಿದುದು ಮಾವು, ಹಲಸುಗಳ ಮಾತು. ತೆಂಗು, ಅಡಿಕೆಗಳ ರಚನೆಯೇ ಬೇರೆ. ಇವು ಏಕದಳ ಸಸ್ಯಗಳು. ಇವುಗಳ ಕಾಂಡದಲ್ಲಿ ಕ್ಯಾಂಬಿಯಂ ಇಲ್ಲ. ಆದುದರಿಂದ ಗಾಯವನ್ನು ಹೊದಿಸುವ ಹೊಸ ಪದರವೂ ಇಲ್ಲ. ಹಲಸಿನ ಗಾಯ ಮುಚ್ಚಿಯಾದರೂ ಹೋಗುತ್ತದೆ, ತೆಂಗಿನ ಗಾಯ ಅದೂ ಇಲ್ಲ. ನಿಮ್ಮ ಅಜ್ಜನ ಕಾಲದಲ್ಲಿ ಏರಲೆಂದು ತೆಂಗಿನ ಮರದಲ್ಲಿ ಕಡಿದ ಮೆಟ್ಟುಗಳಿದ್ದರೆ ಹೋಗಿ ನೋಡಿ. ಕತ್ತಿಯ ಏಟು ಅಂದು ಬಿದ್ದ ಹಾಗೆಯೇ ಇಂದಿಗೂ ಇರುತ್ತದೆ.

ಇಂತಹ ಗಾಯಗಳಿಗೆ ಎರಡು ಶತ್ರುಗಳು. ಒಂದು ಕಾಂಡದ ರಸ ಸೋರುವ ರೋಗ. ಶಿಲೀಂಧ್ರವು ಬಿರುಕಿನಿಂದ ಒಳಹೊಕ್ಕು, ಕೆಂಪು-ಕಂದು ಬಣ್ಣದ ರಸ ಕಾಂಡದ ಮೇಲೆ ಒಸರುತ್ತದೆ. ಇನ್ನೊಂದು ಕೆಂಪು ಮೂತಿ ಹುಳು. ಮಲಯಾಳದಲ್ಲಿ ಚೆಂಬನ್ ಚೆಲ್ಲಿ. ಹಸಿ ಗಾಯದ ವಾಸನೆಗೆ ಇದು ಹಾರಿಬಂದು ಅಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳುಗಳು ಕಾಂಡದ ಮೃದುಭಾಗವನ್ನು ತಿನ್ನುತ್ತ ಒಳಗೆ ಸಾಗುತ್ತವೆ. ಹೊರಗೆ ಕಂಡುಬರುವಾಗ ಮರ ಕೈತಪ್ಪಿರುತ್ತದೆ. ಹಸಿ ಮಡಲನ್ನು ಕಡಿಯುವಾಗಲೂ ಬುಡದಲ್ಲಿ ಸುಮಾರು 120 ಸೆಂಟಿಮೀಟರ್ ತೊಟ್ಟು ಬಿಟ್ಟು ಕಡಿಯಿರಿ, ಹುಳು ಕಾಂಡದವರೆಗೆ ಬಾರದಿರಲಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದು ಈ ಕಾರಣಕ್ಕಾಗಿಯೇ. 1916ರಲ್ಲಿಯೇ ತೆಂಗಿನ ಸಂಶೋಧನ ಕೇಂದ್ರ ಆರಂಭವಾದ, 1970ರಿಂದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆ ಇರುವ ಕಾಸರಗೋಡಿನ ಮಕ್ಕಳಾದ ನಮಗೆ ಇಷ್ಟಾದರೂ ತಿಳಿದಿರಬೇಕು.

ನಮ್ಮ ಹಿರಿಯರು ಗಾಯ ಮಾಡದೆ ಏರುವ ಉಪಾಯಗಳನ್ನೂ ಬಲ್ಲವರೇ. ಕಾಲುಗಳಿಗೆ ಹಾಕುವ ತಳೆ ಒಂದು ಹಗ್ಗದ ಬಳೆ, ಮಲಯಾಳದಲ್ಲಿ ತಳಪ್ಪು. ಎರಡು ಪಾದಗಳನ್ನು ಒಟ್ಟಿಗೆ ಹಿಡಿದು ಅದು ಮರವನ್ನು ಅಪ್ಪುತ್ತದೆ, ಚುಚ್ಚುವುದಿಲ್ಲ. ದಿನವೂ ಒಂದೇ ಮರ ಏರಬೇಕಾದ ಶೇಂದಿಯವರು ತೆಂಗಿನ ಸಿಪ್ಪೆಗಳನ್ನು ಹಗ್ಗದಿಂದ ಮರಕ್ಕೆ ಬಿಗಿದು ಮೆಟ್ಟಿಲು ಮಾಡುತ್ತಾರೆ. ಕರಿಮೆಣಸು ಕೊಯ್ಯುವವರಿಗೆ ಒಂಟಿ ಬಿದಿರಿನ ಏಣಿ. ಇತ್ತೀಚಿನ ಕಾಲದಲ್ಲಿ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ.ಜೆ. ಜೋಸೆಫ್ ಎಂಬ ಕೃಷಿಕರು ತಯಾರಿಸಿದ ತೆಂಗು ಏರುವ ಯಂತ್ರ ಎಲ್ಲೆಡೆ ಹೆಸರುವಾಸಿಯಾಗಿದೆ. ಎರಡು ಕಾಲುಗಳಿಗೆ ಎರಡು ಚೌಕಟ್ಟು, ಒಂದೊಂದಕ್ಕೂ ಮರವನ್ನು ಸುತ್ತುವ ಉಕ್ಕಿನ ಹಗ್ಗ. ಭಾರ ಬಿದ್ದಾಗ ಬಿಗಿಯುತ್ತದೆ, ಎತ್ತಿದಾಗ ಸಡಿಲುತ್ತದೆ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ “ತೆಂಗಿನ ಮರದ ಗೆಳೆಯರು” ಎಂಬ ತರಬೇತಿಯಲ್ಲಿ ಯುವಕರೂ ಮಹಿಳೆಯರೂ ಯಂತ್ರದ ಸಹಾಯದಿಂದ ಏರಲು ಕಲಿತರು.

ಎದುರು ವಾದಗಳು

ಒಂದು ವಿಷಯವನ್ನು ಕಲಿಯುವಾಗ ಎದುರಿನವರ ಮಾತನ್ನೂ ನ್ಯಾಯವಾಗಿ ಕೇಳಬೇಕು.

“ಮರಕುಟಿಗ ಕುಟ್ಟುವುದಿಲ್ಲವೇ? ಅದಕ್ಕಿಂತ ಇದು ದೊಡ್ಡದೇ?” ಮರಕುಟಿಗ ಹೆಚ್ಚಾಗಿ ಆರಿಸುವುದು ಹುಳು ಬಿದ್ದ, ಒಣಗಿದ, ಮೆತುವಾದ ಭಾಗವನ್ನು. ಮೊಳೆಗಾಲು ನಾಟುವುದು ಮರದ ಗಟ್ಟಿಮುಟ್ಟಾದ ನಡುಕಾಂಡಕ್ಕೆ.

“ಹಳೆಯ ಮರದ ತೊಗಟೆ ದಪ್ಪ, ಮೊಳೆ ಒಳಗೆ ತಾಗುವುದಿಲ್ಲ.” ಇದರಲ್ಲಿ ಸ್ವಲ್ಪ ಸತ್ಯವಿದೆ. ಮೊಳೆ ನಿಜವಾಗಿಯೂ ಕ್ಯಾಂಬಿಯಂನ್ನು ಮುಟ್ಟದಷ್ಟು ದಪ್ಪ ತೊಗಟೆಯಿದ್ದರೆ ಅಮೆರಿಕದ ರಾಷ್ಟ್ರೀಯ ಮಾನದಂಡವೂ ಒಪ್ಪುತ್ತದೆ. ಆದರೆ ಬುಡದಲ್ಲಿ ದಪ್ಪವಿದ್ದ ತೊಗಟೆ ಮೇಲಕ್ಕೆ ಹೋದಂತೆ ತೆಳುವಾಗುತ್ತದೆ. ಹಲಸಿನ ಮೇಣ ಸೋರಿತೆಂದರೆ ಮೊಳೆ ಜೀವಂತ ತೊಗಟೆಗೆ ನಾಟಿತೆಂದೇ ಅರ್ಥ.

“ಮರಕ್ಕೆ ನೋವಿಲ್ಲ.” ಮರಕ್ಕೆ ನಮ್ಮಂತೆ ನರಗಳೂ ಮಿದುಳೂ ಇಲ್ಲ ಎಂಬುದು ನಿಜ. ಆದರೆ ನೋವಿಲ್ಲದ ಮಾತ್ರಕ್ಕೆ ನಷ್ಟವಿಲ್ಲ ಎಂದಾಗುವುದಿಲ್ಲ.

“ಬೇಗ ಮುಗಿಯುತ್ತದೆ, ಖರ್ಚು ಕಡಿಮೆ.” ಇದು ನಿಜವಾದ ಕಾರಣ. ಇದಕ್ಕೆ ಮುಂದೆ ಉತ್ತರ ಹೇಳುತ್ತೇವೆ.

ಹುಡುಗನ ಪ್ರಶ್ನೆಗೆ ಉತ್ತರ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಏರಿದವರು ಬೀಳದಿದ್ದರೆ ಸಾಕಲ್ಲವೇ? ಹೌದು, ಅದೇ ಮೊದಲನೆಯದು. ಮನುಷ್ಯನ ಜೀವಕ್ಕಿಂತ ಮರ ದೊಡ್ಡದಲ್ಲ. ಮೊಳೆಗಾಲಲ್ಲಿ ಏರದಿದ್ದರೆ ಒಬ್ಬರ ಜೀವ ಉಳಿಯದು ಎಂದಾದರೆ ಮೊಳೆಗಾಲನ್ನೇ ಬಳಸಬೇಕು. ಆದರೆ ಮೊಳೆಗಾಲು ರಕ್ಷಣೆಯ ಸಾಧನವೇ? ಅಲ್ಲ. ಅದು ಏರುವ ಸಾಧನ ಮಾತ್ರ. ಮೊಳೆ ಸಡಿಲ ತೊಗಟೆಗೆ ನಾಟಿದರೆ, ಕೋನ ತಪ್ಪಿದರೆ, ತುದಿ ಮೊಂಡಾಗಿದ್ದರೆ ಒಮ್ಮೆಲೇ ಜಾರುತ್ತದೆ. ಜಾರಿದ ಮೊಳೆ ತನ್ನದೇ ಇನ್ನೊಂದು ಕಾಲಿಗೆ ಚುಚ್ಚಿದ್ದೂ ಉಂಟು. ಬೀಳದಂತೆ ಕಾಪಾಡುವುದು ಸೊಂಟಪಟ್ಟಿ ಮತ್ತು ಹಗ್ಗ. ಮೊಳೆಗಾಲು ಇದ್ದರೂ ಅವು ಬೇಕು. ಅವು ಇದ್ದರೆ ಸವರುವ ಕೆಲಸಕ್ಕೆ ಮೊಳೆಗಾಲು ಬೇಕಾಗುವುದು ತೀರ ವಿರಳ.

ಹಗ್ಗದಲ್ಲಿ ಏರುವ ಕ್ರಮ ಹೀಗಿದೆ. ತೆಳುವಾದ ದಾರದ ತುದಿಗೆ ಸಣ್ಣ ಭಾರದ ಚೀಲ ಕಟ್ಟಿ ಗಟ್ಟಿಯಾದ ಕವಲಿನ ಮೇಲಿಂದ ಎಸೆಯುತ್ತಾರೆ. ಆ ದಾರದಿಂದ ದಪ್ಪ ಹಗ್ಗವನ್ನು ಎಳೆದುಕೊಳ್ಳುತ್ತಾರೆ. ಸೊಂಟಪಟ್ಟಿಯನ್ನು ಹಗ್ಗಕ್ಕೆ ಒಂದು ಜಾರುಗಂಟಿನಿಂದ ಸೇರಿಸುತ್ತಾರೆ. ಕೈಯಿಂದ ಸರಿಸಿದರೆ ಸರಿಯುವ, ಭಾರ ಬಿದ್ದರೆ ಕಚ್ಚಿಕೊಳ್ಳುವ ಗಂಟು ಅದು. ಇಂತಹ ಒಂದು ಗಂಟನ್ನು 1931ರಲ್ಲಿ ಆಸ್ಟ್ರಿಯ ದೇಶದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ ಬಳಕೆಗೆ ತಂದರು. ಮರ ಏರುವವರು ಈ ಜಾತಿಯ ಗಂಟುಗಳನ್ನೇ ಬಳಸುತ್ತಾರೆ. ಕೈ ತಪ್ಪಿದರೂ ಏರಿದವರು ನೆಲಕ್ಕೆ ಬೀಳುವುದಿಲ್ಲ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಮಾತಿದೆ. ಆ ಹುಡುಗನ ತಂದೆ ಬಿದ್ದುದು ಹೇಗೆಂದು ನಾವು ಅವರ ಮನೆಗೇ ಹೋಗಿ ಕೇಳಿದೆವು. ಅವರು ಹೇಳಿದರು: “ನನ್ನ ಕೈ ತಪ್ಪಿದ್ದಲ್ಲ. ಬಿಸಿಲು ತಾಗಿ ಸೀಳಿದ್ದ ಮರ. ಒಳಗೆ ಕುಂಬಾದದ್ದು ಕೆಳಗಿನಿಂದ ಗೊತ್ತಾಗಲಿಲ್ಲ. ನಡುವಿನಲ್ಲೇ ಮುರಿಯಿತು.” ಅಡಿಕೆಯ ಕಾಂಡಕ್ಕೆ ಪಡುಬಿಸಿಲು ಹೊಡೆದರೆ ಅದು ಒಣಗಿ ಬಿರಿಯುತ್ತದೆ, ಬಿರುಕಿನಿಂದ ಕೊಳೆತ ಒಳಹೋಗುತ್ತದೆ, ಗಾಳಿಗೋ ಏರಿದವರ ಭಾರಕ್ಕೋ ಮರ ಮುರಿಯುತ್ತದೆ. ಅದಕ್ಕಾಗಿಯೇ ಬಲ್ಲವರು ಎಳೆಯ ಅಡಿಕೆ ಮರಗಳ ಕಾಂಡಕ್ಕೆ ಸೋಗೆ ಕಟ್ಟಿ ಬಿಸಿಲಿನಿಂದ ಕಾಯುತ್ತಾರೆ.

ಈ ಮಾತಿನಲ್ಲಿಯೇ ಉತ್ತರವಿದೆ. ಮರದ ಗಾಯ ಬೇರೆ, ಮನುಷ್ಯನ ಬೀಳು ಬೇರೆ ಎಂದು ನಾವು ತಿಳಿದಿದ್ದೆವು. ಅವೆರಡೂ ಒಂದೇ ಹಗ್ಗದ ಎರಡು ತುದಿಗಳು. ಇಂದು ನಾವು ಮಾಡಿದ ಗಾಯದ ಒಳಗೆ ಹತ್ತು ವರ್ಷ ಕೊಳೆತ ಬೆಳೆದು, ಹೊರಗೆ ತೊಗಟೆ ಮುಚ್ಚಿಕೊಂಡು, ಮರ ಗಟ್ಟಿಯಾಗಿಯೇ ಕಾಣುತ್ತದೆ. ಅದನ್ನು ನಂಬಿ ಆ ದಿನ ಏರುವವರು ಯಾರು? ಇಂದು ಏರಿದವರೇ ಆಗಿರಬಹುದು, ಅವರ ಮಗನಾಗಿರಬಹುದು. ಮರವನ್ನು ಗಟ್ಟಿಯಾಗಿ ಉಳಿಸುವುದು ಮುಂದೆ ಏರುವವನ ಜೀವವನ್ನು ಉಳಿಸುವ ಕೆಲಸವೂ ಹೌದು.

ಖರ್ಚಿನ ಮಾತಿಗೆ ಉತ್ತರವೂ ಇಲ್ಲಿಯೇ ಇದೆ. ಹಗ್ಗ, ಸೊಂಟಪಟ್ಟಿ, ಒಂದು ದಿನದ ಹೆಚ್ಚಿನ ಕೂಲಿ, ಇವನ್ನು ಭರಿಸಬೇಕಾದವರು ಮರದ ಒಡೆಯರು. ಏರುವವರ ಅವಸರಕ್ಕೆ ಕಾರಣ ನಾವು ಕೊಡುವ ಕಡಿಮೆ ಕೂಲಿ. “ಎಷ್ಟಕ್ಕೆ ಮಾಡುತ್ತೀರಿ?” ಎಂದು ಕೇಳುವ ಮೊದಲು “ಹೇಗೆ ಏರುತ್ತೀರಿ? ಹಗ್ಗ ಇದೆಯೇ?” ಎಂದು ಕೇಳುವ ಅಭ್ಯಾಸ ನಮಗಾಗಬೇಕು.

ಯಾವಾಗ ಬಳಸಬಹುದು?

ಎಲ್ಲ ನಿಯಮಗಳಿಗೂ ಹೊರತಾದ ಸಂದರ್ಭಗಳಿವೆ. ಬುಡದಿಂದ ಕಡಿದು ತೆಗೆಯಲೇಬೇಕೆಂದು ತೀರ್ಮಾನವಾದ ಮರವನ್ನು ಮೊಳೆಗಾಲಿನಲ್ಲಿ ಏರಬಹುದು. ಅದಕ್ಕೆ ಇನ್ನು ಗಾಯದ ಭಯವಿಲ್ಲ. ಮರದ ಮೇಲೆ ಒಬ್ಬರು ಸಿಕ್ಕಿಬಿದ್ದು ಕೂಡಲೇ ಇಳಿಸಬೇಕಾದರೆ ಬಳಸಬಹುದು. ಹಗ್ಗ, ಏಣಿ ಯಾವುದರಿಂದಲೂ ತಲುಪಲಾಗದ ತೀರ ವಿರಳ ಸಂದರ್ಭದಲ್ಲಿಯೂ ಬಳಸಬಹುದು. ಸತ್ತ ಮರವನ್ನು ಏರುವಾಗ ಮಾತ್ರ, ಮೊಳೆಗಾಲಿದ್ದರೂ ಇಲ್ಲದಿದ್ದರೂ, ಅದು ನಮ್ಮ ಭಾರವನ್ನು ತಾಳುವುದೇ ಎಂದು ಮೊದಲು ನೋಡಬೇಕು. ಉಳಿದಂತೆ, ಉಳಿಯಬೇಕಾದ ಮರವನ್ನು ಸವರುವುದಕ್ಕೆ ಮೊಳೆಗಾಲು ಬೇಡ ಎಂಬುದೇ ನಮ್ಮ ನಿರ್ಣಯ.

ಸವರುವ ಸರಿಯಾದ ಕ್ರಮ

ಏರುವುದು ಸರಿಯಾದರೆ ಸಾಲದು, ಕಡಿಯುವುದೂ ಸರಿಯಾಗಬೇಕು. ದೊಡ್ಡ ಕೊಂಬೆಯನ್ನು ಮೂರು ಕೊಯ್ತದಲ್ಲಿ ತೆಗೆಯಬೇಕು. ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಸ್ವಲ್ಪ ಕೊಯ್ಯಬೇಕು. ಎರಡನೆಯದಾಗಿ ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಪೂರ್ತಿ ಕೊಯ್ಯಬೇಕು. ಹೀಗೆ ಮಾಡಿದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆ ಸಿಗಿದು ಬರುವುದಿಲ್ಲ. ಮೂರನೆಯದಾಗಿ ಉಳಿದ ತುಂಡನ್ನು ತೆಗೆಯಬೇಕು. ಕೊಂಬೆಯ ಬುಡದಲ್ಲಿ ಉಬ್ಬಿದ ಕೊರಳಿನಂತಹ ಭಾಗವಿರುತ್ತದೆ. ಅದರ ಹೊರಗೆ ಕೊಯ್ಯಬೇಕು. ಕೊರಳನ್ನೇ ಕೊಯ್ದರೆ ಕಾಂಡಕ್ಕೆ ಗಾಯ. ಉದ್ದ ಮೋಟು ಬಿಟ್ಟರೆ ಅದು ಒಣಗಿ ಕೊಳೆಯುತ್ತದೆ. ದ್ವಿದಳ ಮರಗಳ ಗಾಯಕ್ಕೆ ಡಾಮರು ಬಳಿಯುವುದರಿಂದ ಕೊಳೆತ ನಿಲ್ಲುವುದಿಲ್ಲ ಎಂಬುದನ್ನೂ ಶೈಗೊ ಅವರ ಪರೀಕ್ಷೆಗಳು ತೋರಿಸಿವೆ. ಮಳೆಯಲ್ಲಿ ಏರುವುದು ಬೇಡ. ವಿದ್ಯುತ್ ತಂತಿ ಹತ್ತಿರವಿದ್ದರೆ ವಿದ್ಯುತ್ ಕಚೇರಿಗೆ ತಿಳಿಸದೆ ಕೊಂಬೆ ಮುಟ್ಟುವುದೇ ಬೇಡ. ಮಕ್ಕಳೇ, ಇದನ್ನು ಓದಿ ನೀವೇ ಏರಿ ಪರೀಕ್ಷಿಸಬಾರದು.

ನಮ್ಮ ಹಲಸಿನ ಮರದ ಕೊಂಬೆಯನ್ನು ಕೊನೆಗೆ ಏಣಿ, ಹಗ್ಗ, ಸೊಂಟಪಟ್ಟಿಗಳ ಸಹಾಯದಿಂದ ಸವರಲಾಯಿತು. ಮೊದಲ ದಿನ ಮೊಳೆಗಾಲಿನಲ್ಲಿ ಏರಿದವರೇ ಆ ಕೆಲಸವನ್ನೂ ಮಾಡಿದರು. ಒಂದು ದಿನದ ಕೂಲಿ ಹೆಚ್ಚು ತಗಲಿತು; ಸಂಘದವರು ಮರುಮಾತಿಲ್ಲದೆ ಕೊಟ್ಟರು. ಇಪ್ಪತ್ತೆರಡು ತೂತುಗಳ ಅಂಚು ಈಗ ಉಬ್ಬಿ ಬರುತ್ತಿದೆ, ಕೆಲವು ಮುಚ್ಚಿವೆ. ಒಳಗೆ ಏನಾಗಿದೆಯೆಂದು ನಮಗೆ ಕಾಣುವುದಿಲ್ಲ. ಆದುದರಿಂದ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಎಂಟನೆಯ ತರಗತಿಯವರು ಅವುಗಳನ್ನು ನೋಡಿ ಒಂದು ಪುಸ್ತಕದಲ್ಲಿ ಬರೆದಿಡಬೇಕೆಂದು ಗೊತ್ತುಮಾಡಿದ್ದೇವೆ. ಮೊದಲ ವರ್ಷದ ಪುಟವನ್ನು ಬರೆದವನು ಪ್ರಶ್ನೆ ಕೇಳಿದ ಆ ಹುಡುಗನೇ.

ಅಭ್ಯಾಸ

1. ಮೊಳೆಗಾಲನ್ನು ಸರಿಯಾಗಿ ಬಳಸಿದರೂ ಮರಕ್ಕೆ ಗಾಯವಾಗುವುದೇಕೆ?

2. ‘ಮಾಯು’ ಮತ್ತು ‘ಮುಚ್ಚು’ ಈ ಎರಡು ಕ್ರಿಯಾಪದಗಳ ಅರ್ಥಭೇದವನ್ನು ಸ್ವಂತ ವಾಕ್ಯಗಳಲ್ಲಿ ತೋರಿಸಿರಿ.

3. ತೆಂಗಿನ ಕಾಂಡದ ಗಾಯಕ್ಕೂ ಮಾವಿನ ಕಾಂಡದ ಗಾಯಕ್ಕೂ ಇರುವ ವ್ಯತ್ಯಾಸವೇನು?

4. 24 ಅಡಿ ಎತ್ತರಕ್ಕೆ ಮೊಳೆಗಾಲಿನಲ್ಲಿ ಒಂಬತ್ತು ಸಲ ಏರಿ ಇಳಿದರೆ ಎಷ್ಟು ತೂತುಗಳಾಗುತ್ತವೆ? ಅಡಿಗೊಂದರಂತೆ ಲೆಕ್ಕ ಮಾಡಿರಿ.

5. ನಿಮ್ಮ ಊರಿನಲ್ಲಿ ಮರ ಏರುವ ಕೆಲಸದವರೊಬ್ಬರನ್ನು ಕಂಡು, ಅವರು ಬಳಸುವ ಸಲಕರಣೆಗಳ ಹೆಸರುಗಳನ್ನು ಕನ್ನಡ, ತುಳು, ಮಲಯಾಳಗಳಲ್ಲಿ ಕೇಳಿ ಬರೆಯಿರಿ. ಏರುವ ಮೊದಲು ಅವರು ಮರದಲ್ಲಿ ಏನನ್ನು ನೋಡುತ್ತಾರೆಂದು ಕೇಳಲು ಮರೆಯಬೇಡಿ.